ಪುಚ್ಚೆಗೊಂದು ಬಾಗಿಲು

ನಿಝಾರ್ ತನ್ನ ತಾಯಿಯ ಬೆಕ್ಕನ್ನು ಸಿಮೆಂಟಿನ ಖಾಲಿ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಬಾಡಿಗೆ ಕಾರಿನ ಡಿಕ್ಕಿಯಲ್ಲಿಟ್ಟು ಚಾರ್ಮಾಡಿಗೆ ಕೊಂಡುಹೋಗಿ, ರಸ್ತೆ ಘಾಟಿ ಹತ್ತಲು ತೊಡಗುವಲ್ಲಿ ಬಿಟ್ಟು ಬಂದನು. ಮರುದಿನ ಅವನ ರಜೆ ಮುಗಿಯಿತು.

ಹೊರಡುವ ಬೆಳಿಗ್ಗೆ ಪಾತುಮ್ಮ ಮಗನ ಬಟ್ಟಲಿಗೆ ಅಕ್ಕಿರೊಟ್ಟಿ ಹಾಕಿ ಕೋಳಿಸಾರು ಬಡಿಸುತ್ತಿದ್ದಳು. ಸೊಸೆ ಜಸೀಲಾ ಒಲೆಯ ಹತ್ತಿರ ಇನ್ನೊಂದು ರೊಟ್ಟಿ ತಟ್ಟುತ್ತಿದ್ದಳು.

"ನಿನ್ನೆಯಿಂದ ಕುಂಞಿ ಕಾಣುವುದಿಲ್ಲ. ಯಾರಾದರೂ ಕಂಡಿರಾ?" ಎಂದು ಪಾತುಮ್ಮ ಕೇಳಿದಳು.

"ಹುಡುಕಬೇಡಿ ಉಮ್ಮ. ನಾನೇ ಬಿಟ್ಟು ಬಂದದ್ದು," ಎಂದ ನಿಝಾರ್, ರೊಟ್ಟಿ ಮುರಿಯುತ್ತಾ.

"ಎಲ್ಲಿ?"

"ಚಾರ್ಮಾಡಿಯಲ್ಲಿ."

"ಅಲ್ಲಿ ಯಾರ ಮನೆಯಲ್ಲಿ?"

"ಯಾರ ಮನೆ ಎಂಥದು? ಕಾಡಿನ ಬದಿಯಲ್ಲಿ. ಇಲಿ ಹಿಡಿದು ತಿಂತದೆ. ಹೊಸ ಸೋಫಾದ ಅವಸ್ಥೆ ಕಂಡಿರಾ ನೀವು? ಉಗುರು ಹಾಕಿ ಒಳಗಿನ ಸ್ಪಂಜು ಹೊರಗೆ ತಂದಿದೆ. ಗಾಜಿನ ಮೇಲೆಲ್ಲ ಕೆಸರುಕಾಲು."

ಪಾತುಮ್ಮ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಕೈ ತೊಳೆದು, ಸೆರಗಿಗೆ ಒರೆಸಿ, ತನ್ನ ಕೋಣೆಗೆ ಹೋಗಿ ಚಾಪೆಯ ಮೇಲೆ ಕೂತಳು. ಮಗ ಕಾರು ಹತ್ತುವಾಗ ಹೊರಗೆ ಬರಲಿಲ್ಲ. "ಉಮ್ಮ, ಹೋಗಿ ಬರ್ತೇನೆ" ಎಂದು ಅವನು ಬಾಗಿಲ ಬಳಿ ಎರಡು ಸಲ ಕರೆದ. ಒಳಗಿನಿಂದ ತಸ್ಬೀಹಿನ ಮಣಿ ಸರಿಯುವ ಸದ್ದು ಮಾತ್ರ ಕೇಳಿತು.

ಅದು ಎರಡು ಸಾವಿರದ ನಾಲ್ಕನೇ ಇಸವಿ. ಬೆಳ್ತಂಗಡಿಯಿಂದ ಮೂಡಬಿದಿರೆಗೆ ಹೋಗುವ ದಾರಿಯಲ್ಲಿ, ಗುರುವಾಯನಕೆರೆ ದಾಟಿದ ಮೇಲೆ ಎಡಕ್ಕೆ ಸಿಗುವ ಹಸಿರು ಬಣ್ಣದ ಮನೆ ಪಾತುಮ್ಮನ ಗಂಡ ಮೊಯಿದಿನಬ್ಬನದು. ಮೊಯಿದಿನಬ್ಬನದು ಎಂದು ಊರವರು ಹೇಳುವುದು. ಹಳೆಯ ಹಂಚಿನ ಮನೆ ಕೆಡವಿ ಇದನ್ನು ಕಟ್ಟಿಸಿದ್ದು ಶಾರ್ಜಾದಲ್ಲಿ ಅಲ್ಯೂಮಿನಿಯಂ ಮತ್ತು ಗಾಜಿನ ಕೆಲಸ ಮಾಡುವ ಮಗ. ಯಾವ ಕೋಣೆಗೆ ಯಾವ ಬಣ್ಣ, ಯಾವ ಬಲ್ಬು ಎಷ್ಟು ಹೊತ್ತಿಗೆ ಆರಿಸಬೇಕು ಎನ್ನುವುದು ಶುಕ್ರವಾರ ಜುಮಾ ನಮಾಜು ಕಳೆದು ಅವನ ಫೋನು ಬಂದಾಗ ತೀರ್ಮಾನವಾಗುತ್ತಿತ್ತು.

ಆ ಕಡೆಯ ಹಳೆಯ ಮನೆಗಳಿಗೆ ಎರಡು ಬಾಗಿಲು. ಮುಂದಿನದು ಗಂಡಸರದು: ಮದುವೆ ಮಾತಿನವರು, ಮಸೀದಿ ಕಮಿಟಿಯವರು, ಅಡಿಕೆ ವ್ಯಾಪಾರದವರು ಬಂದು ಕೂರುವ ಜಗಲಿ. ಹಿಂದಿನದು ಹೆಂಗಸರದು. ಬಾವಿಗೆ, ಬಟ್ಟೆ ಒಗೆಯುವ ಕಲ್ಲಿಗೆ, ನೆರೆಮನೆಗೆ, ಬಾಣಂತಿಯನ್ನು ನೋಡಲಿಕ್ಕೆ, ಒಂದು ಹಿಡಿ ಉಪ್ಪು ಸಾಲ ಕೇಳಲಿಕ್ಕೆ, ಅತ್ತು ಬರಲಿಕ್ಕೆ ಹೆಂಗಸರು ದಾಟಿದ್ದೆಲ್ಲ ಅದೇ ಹೊಸ್ತಿಲು. ವಿಟ್ಲದಿಂದ ಈ ಮನೆಗೆ ಮದುಮಗಳಾಗಿ ಬಂದ ದಿನ ಜಸೀಲಾ ಮುಂದಿನಿಂದ ಒಳಗೆ ಬಂದವಳು. ಆಮೇಲಿನ ಅವಳ ಬದುಕೆಲ್ಲ ಹಿಂದಿನ ಬಾಗಿಲಿನಲ್ಲೇ. ಜಗಲಿಯಲ್ಲಿ ಗಂಡಸರು ಕೂತಿರುವಾಗ ಮುಂದಿನಿಂದ ದಾಟಿಹೋಗುವ ಸೊಸೆ ಇನ್ನೂ ಆ ಊರಿನಲ್ಲಿ ಹುಟ್ಟಿರಲಿಲ್ಲ.

ಈ ಸಲದ ರಜೆಯಲ್ಲಿ ನಿಝಾರ್, ಹಳೆಯ ಮನೆಯಿಂದ ಉಳಿಸಿ ತಂದು ಹಿಂದೆ ಕೂರಿಸಿದ್ದ ಹಲಸಿನ ಮರದ ಬಾಗಿಲು ಕಿತ್ತು ಸೌದೆ ಕೊಟ್ಟಿಗೆಗೆ ಸಾಗಿಸಿ, ಅಲ್ಲಿ ಗೋಡೆಯಗಲದ ಗಾಜಿನ ಬಾಗಿಲು ಕೂರಿಸಿದ್ದ. ಒಂದು ಹಾಳೆ ನಿಂತದ್ದು, ಇನ್ನೊಂದು ಹಳಿಯ ಮೇಲೆ ಸರಿಯುವಂಥದ್ದು. ಮಂಗಳೂರಿನಿಂದ ಲಾರಿಯಲ್ಲಿ ಬಂದ ಗಾಜು ನೋಡಲು ಓಣಿಯೇ ನೆರೆದಿತ್ತು. ಹಳೆಯ ಬಾಗಿಲಿನ ಬುಡದಲ್ಲಿ ಗೆದ್ದಲು ತಿಂದುಬಿಟ್ಟ ಸಂದೊಂದಿತ್ತು. ಕುಂಞಿಗೆ ಅಷ್ಟು ಸಾಕಾಗಿತ್ತು. ಗಾಜಿಗೆ ಸಂದಿಲ್ಲ.

"ಇದನ್ನು ಮುಚ್ಚಿಯೇ ಇಡಬೇಕು. ಧೂಳು ಬರ್ತದೆ, ಏಸಿ ನಿಲ್ಲುವುದಿಲ್ಲ," ಎಂದು ಅವನು ಹೆಂಡತಿಗೆ ಹೇಳಿ ಹೋಗಿದ್ದ.

ಮುಚ್ಚಿದ ಗಾಜು ಯಾರನ್ನು ಹೊರಗಿಟ್ಟಿತೆಂದರೆ, ಮೊದಲು ಬೆಕ್ಕನ್ನು, ಆಮೇಲೆ ಪೂವಮ್ಮನನ್ನು. ಹಿಂದಿನ ಗುಡ್ಡದ ಪೂವಮ್ಮ ಮೊದಲೆಲ್ಲ ಹಾಲಿನ ತಂಬಿಗೆ ಹಿಡಿದು ನೇರ ಅಡುಗೆಮನೆಗೆ ಬಂದು ಕೂರುತ್ತಿದ್ದವಳು. ಈಗ ಹೊರಗೆ ನಿಂತು ಬೆರಳಗಂಟಿನಿಂದ ಗಾಜಿಗೆ ಬಡಿಯುತ್ತಾಳೆ, ಏಸಿಯ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ. ಹಾಲನ್ನು ಮೆಟ್ಟಿಲ ಮೇಲಿಟ್ಟು ಹೋಗುತ್ತಾಳೆ. "ನಿಮ್ಮ ಮನೆ ಈಗ ಬ್ಯಾಂಕಿನ ಹಾಗೆ ಆಗಿದೆ ಪಾತುಮ್ಮಕ್ಕ, ಒಳಗೆ ಬರಲಿಕ್ಕೆ ಹೆದರಿಕೆ," ಎಂದು ಒಂದು ದಿನ ನಕ್ಕಿದ್ದಳು.

ಬೆಕ್ಕು ಹೋದ ಮೇಲೆ ಪಾತುಮ್ಮ ಅಳಲಿಲ್ಲ, ಬೈಯಲಿಲ್ಲ. ಶುಕ್ರವಾರ ಫೋನು ಬಂದಾಗ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಅಷ್ಟೇ.

"ಉಮ್ಮನಿಗೆ ಕೊಡು," ಎನ್ನುತ್ತಿದ್ದ ನಿಝಾರ್.

"ಬಟ್ಟೆ ಒಣಗಿಸ್ತಿದ್ದಾರೆ," ಎನ್ನುತ್ತಿದ್ದಳು ಜಸೀಲಾ.

"ಶುಕ್ರವಾರ ಶುಕ್ರವಾರ ಎಂಥ ಬಟ್ಟೆ ಅದು?"

ಬೀಡಿ ಕಟ್ಟಿ ಕಟ್ಟಿ ಗಂಟುಗಳು ಊದಿಹೋದ ತನ್ನ ಬೆರಳುಗಳಿಂದ ಪಾತುಮ್ಮ ದಿನವೂ ಮೀನಿನ ತಲೆಯೊಂದನ್ನು ಗೆರಟೆಯಲ್ಲಿಟ್ಟು ಮೆಟ್ಟಿಲ ಬದಿಗೆ ಇಡುವಳು. ಕಾಗೆ ತಿನ್ನುತ್ತಿತ್ತು. "ಕಾಗೆಗೆ ಬಂಗುಡೆ ಹಾಕುವ ಮನೆ ಇದೊಂದೇ," ಎಂದು ಮೊಯಿದಿನಬ್ಬ ಗೊಣಗುತ್ತಿದ್ದ.

ಹೀಗೆ ಆರೇಳು ವಾರ ಕಳೆದವು. ಒಂದು ಮಧ್ಯಾಹ್ನ ಜಸೀಲಾ ಊಟದ ಬಟ್ಟಲು ಎತ್ತುತ್ತಿದ್ದಳು. ನಾದಿನಿ ಸಬೀಹಾ ಮೂಡಬಿದಿರೆಯ ಕಾಲೇಜಿನಿಂದ ಬೇಗ ಬಂದು ಟೀವಿ ಎದುರು ಕೂತಿದ್ದಳು. ಹಿಂದಿನ ಗಾಜಿನ ಕಡೆಯಿಂದ 'ಟಪ್' ಎಂದು ಸಣ್ಣ ಸದ್ದು. ಮತ್ತೊಮ್ಮೆ 'ಟಪ್'.

ಜಸೀಲಾ ತಿರುಗಿ ನೋಡಿದಳು. ಗಾಜಿನ ಆಚೆ ಕುಂಞಿ ನಿಂತಿತ್ತು.

ಅದೇ ಎಂದು ಹೇಳಲು ಸ್ವಲ್ಪ ಹೊತ್ತು ಬೇಕಾಯಿತು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಒಂದು ಕಿವಿ ಅರ್ಧ ಇರಲಿಲ್ಲ. ಬಾಲದಲ್ಲಿ ಮುಳ್ಳು ಸಿಕ್ಕಿಕೊಂಡಿತ್ತು. ಹಳೆಯ ಬಾಗಿಲಿನ ಸಂದು ಎಲ್ಲಿತ್ತೋ ಸರಿಯಾಗಿ ಅಲ್ಲೇ ನಿಂತು, ತಲೆಯಿಂದ ಗಾಜನ್ನು ಗುದ್ದುತ್ತಿತ್ತು. ಒಳಗಿನ ಮನೆ ಕಾಣುತ್ತದೆ, ಪಾತುಮ್ಮನ ಚಾಪೆ ಕಾಣುತ್ತದೆ, ದಾರಿ ಮಾತ್ರ ಇಲ್ಲ. ಚಾರ್ಮಾಡಿಯ ಕಾಡು, ಉಜಿರೆಯ ಪೇಟೆ, ಬೆಳ್ತಂಗಡಿಯ ಬಸ್ಸು ಲಾರಿ, ಹೊಳೆಯ ಸೇತುವೆ, ಊರೂರಿನ ನಾಯಿಗಳು — ಚೀಲದೊಳಗೆ ಕತ್ತಲಲ್ಲಿ ಹೋದ ದಾರಿಯನ್ನು ಅದು ಬೆಳಕಿನಲ್ಲಿ ಹೇಗೆ ಗುರುತಿಸಿತು?

"ಮಾಮಿ!" ಎಂದು ಜಸೀಲಾ ಕೂಗಿದಳು. "ಮಾಮೀ, ಬನ್ನಿ!"

ಪಾತುಮ್ಮ ಬಂದಳು. ಗಾಜನ್ನು ಸರಿಸಲು ಕೈ ಹಾಕಿದಳು. ಊದಿದ ಬೆರಳುಗಳಿಗೆ ಅದು ಜಗ್ಗಲಿಲ್ಲ. ಅಲ್ಲೇ ಕುಕ್ಕರಿಸಿ ಗಾಜಿನ ಮೇಲೆ ಅಂಗೈ ಇಟ್ಟಳು. ಬೆಕ್ಕು ಆಚೆಯಿಂದ ಆ ಅಂಗೈಗೆ ಮೂತಿ ಒತ್ತಿತು.

"ಯಾ ಅಲ್ಲಾಹ್, ನೀನು ನಡೆಸಿ ತಂದೆ," ಎಂದಳು ಪಾತುಮ್ಮ. ಆಮೇಲೆ ಸೊಸೆಯ ಕಡೆ ತಿರುಗಿ ಗದರಿದಳು: "ನೋಡುವುದೆಂಥ ಮೋಳೆ, ತೆಗೆ ಬಾಗಿಲು!"

ಆ ಸಂಜೆ ಓಣಿಯ ಹೆಂಗಸರೆಲ್ಲ ಬಂದು ನೋಡಿ ಹೋದರು. ಪೂವಮ್ಮ ಕೈಮುಗಿದಳು. ಮೊಯಿದಿನಬ್ಬ ಟೊಪ್ಪಿ ತೆಗೆದು ತಲೆ ಕೆರೆದುಕೊಂಡು, "ನಾನು ಹಜ್ಜಿಗೆ ಹೋದಾಗ ಮಿನಾದಲ್ಲಿ ನನ್ನ ಟೆಂಟು ಹುಡುಕಲಿಕ್ಕೆ ನನಗೆ ಆಗಲಿಲ್ಲ ಮಾರಾಯ್ತಿ," ಎಂದ. ಶುಕ್ರವಾರ ನಿಝಾರಿಗೆ ತಿಳಿಸಿದ್ದು ಜಸೀಲಾ.

"ಅದೇ ಪುಚ್ಚೆಯಾ?" ಎಂದು ಅವನು ಕೇಳಿದ. ದನಿ ಸಣ್ಣದಾಗಿತ್ತು. "ನಾನು ಅದನ್ನು ಬಿಟ್ಟದ್ದು ಎಷ್ಟು ದೂರದಲ್ಲಿ ಗೊತ್ತುಂಟಾ ನಿನಗೆ?"

"ನಮಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿತ್ತು," ಎಂದಳು ಜಸೀಲಾ.

ಬೆಕ್ಕು ಬಂತು, ಜಗಳವೂ ಬಂತು. ಕುಂಞಿಗೆ ಒಳಗೆ ಕೂತರೆ ಹೊರಗೆ ಹೋಗಬೇಕು, ಹೊರಗೆ ಹೋದರೆ ಒಳಗೆ ಬರಬೇಕು. ಜಸೀಲಾ ಮೀನು ಹುರಿಯುವಾಗ ಕಾವಲಿ ಬಿಟ್ಟು ಓಡಿ ಗಾಜು ಸರಿಸಬೇಕು. ಹಾಲು ಕಾಸುವಾಗ ಸರಿಸಬೇಕು, ನಮಾಜು ಮುಗಿಸಿ ಸಲಾಂ ಹೇಳುತ್ತಿದ್ದಂತೆ ಸರಿಸಬೇಕು. ತೆರೆದೇ ಇಟ್ಟರೆ ಮೊಯಿದಿನಬ್ಬ ರೇಗುತ್ತಿದ್ದ: "ಏಸಿಯ ತಣ್ಣಗೆಲ್ಲ ಗುಡ್ಡಕ್ಕೆ ಹೋಗ್ತಾ ಉಂಟು. ಪೂವಮ್ಮನ ಮನೆಗೆ ನಾವು ಏಸಿ ಹಾಕಿದ ಹಾಗೆ ಆಯಿತು!"

"ಮುಚ್ಚಿಟ್ಟರೆ ನನಗೆ ಗುನಾಹ್," ಎನ್ನುತ್ತಿದ್ದಳು ಪಾತುಮ್ಮ. "ಪುಚ್ಚೆಯನ್ನು ಕೂಡಿಹಾಕಿದ ಹೆಂಗಸು ನರಕಕ್ಕೆ ಹೋದಳೆಂದು ಉಸ್ತಾದರು ಹೇಳಿದ್ದು ಮರೆತುಹೋಯಿತಾ ನಿಮಗೆ?"

"ಅದು ಹೆಂಗಸಿಗೆ ಹೇಳಿದ್ದು."

"ಗಂಡಸು ಕೂಡಿಹಾಕಿದರೆ ಜನ್ನತ್ತಾ?"

ಸಬೀಹಾ ಊಟದ ಬಟ್ಟಲಿನ ಮೇಲೆ ಬಾಗಿ ನಗು ತಡೆದುಕೊಂಡಳು. ಮುಂದಿನ ಶುಕ್ರವಾರ ಫೋನಿನ ಸ್ಪೀಕರು ಹಾಕಿದ್ದಾಗ ಅವಳೇ ಅಣ್ಣನೊಡನೆ ಮಾತು ತೆಗೆದದ್ದು. ಹೋದ ವರ್ಷ ನಿಝಾರ್ ಕಳಿಸಿದ ಫೋಟೊ ಅವಳಿಗೆ ನೆನಪಿತ್ತು: ಯಾವುದೋ ಬಿಳಿಯರ ವಿಲ್ಲಾದ ಗಾಜಿನ ಬಾಗಿಲ ಬಳಿ ಅವನು ಕುಕ್ಕರಿಸಿದ್ದಾನೆ, ಗಾಜಿನ ಬುಡದಲ್ಲಿ ಸಣ್ಣ ಬಾಗಿಲು, ಅದರಿಂದ ರೋಮದ ಉಂಡೆಯಂಥ ಬೆಕ್ಕೊಂದು ಮುಖ ಹೊರಹಾಕಿದೆ.

"ಕಾಕಾ, ಅಲ್ಲಿ ಬಿಳಿಯರ ಪುಚ್ಚೆಗೆಲ್ಲ ಬಾಗಿಲು ಮಾಡಿಕೊಡುವುದು ನೀವು. ಉಮ್ಮನ ಪುಚ್ಚೆಗೆ ಮಾತ್ರ ಸಿಮೆಂಟಿನ ಚೀಲವಾ?"

"ಏ, ನೀನು ಓದುವುದನ್ನು ನೋಡು."

"ಓದಿದ್ದಕ್ಕೇ ಕೇಳಿದ್ದು."

ಫೋನು ಕಟ್ಟಾಯಿತು. ಪಾತುಮ್ಮ ಹಿತ್ತಲಿನಿಂದ ಎಲ್ಲವನ್ನೂ ಕೇಳಿದ್ದಳು. ಒಳಗೆ ಬಂದು ಗಂಡನ ಎದುರು ನಿಂತಳು. "ಬಾಗಿಲು ಮಾಡಲಿಕ್ಕೆ ಆಗ್ತದಂತೆ ಗಾಜಿನಲ್ಲಿ. ಬಂಟ್ವಾಳದಲ್ಲಿ ಸತ್ತವರಿಗೆಲ್ಲ ಗಾಜು ಕೊಯ್ದವರು ನೀವು. ಜೀವ ಇರುವ ಪ್ರಾಣಿಗೆ ಒಂದು ತುಂಡು ಕೊಯ್ಯಲಿಕ್ಕೆ ಆಗುವುದಿಲ್ವಾ?"

ಮಾತು ನಾಟಿತು. ಮೊಯಿದಿನಬ್ಬ ಬಂಟ್ವಾಳದಲ್ಲಿ ನಲವತ್ತು ವರ್ಷ ಪಟಕ್ಕೆ ಕಟ್ಟು ಹಾಕುವ ಅಂಗಡಿ ಇಟ್ಟವನು. ಕಾಬಾದ ಪಟ, ಗಣಪತಿಯ ಪಟ, ಏಸುವಿನ ಪಟ, ಮದುವೆಯ ಫೋಟೊ, ಗಂಧದ ಹಾರ ಹಾಕಿದ ಅಜ್ಜಂದಿರ ಫೋಟೊ — ಎಲ್ಲದಕ್ಕೂ ಅವನ ಗಾಜು. ವಜ್ರದ ಮೊನೆಯ ಕಟ್ಟರಿನಿಂದ ಗೀರು ಎಳೆದು, ಬುಡಕ್ಕೆ ಒಂದು ಸಣ್ಣ ಪೆಟ್ಟು ಕೊಟ್ಟರೆ ಗಾಜು ಹಪ್ಪಳದ ಹಾಗೆ ಹೇಳಿದಲ್ಲಿ ಮುರಿಯುತ್ತಿತ್ತು. ಮಗನ ಮನೆಗೆ ಬಂದ ಮೇಲೆ ಅವನಿಗೆ ಕೆಲಸವೂ ಇರಲಿಲ್ಲ, ಮಾತಿಗೆ ಬೆಲೆಯೂ ಇರಲಿಲ್ಲ.

"ಅವನು ಶಾರ್ಜಾದಲ್ಲಿ ಕಲಿತದ್ದನ್ನು ನಾನು ಯಾವತ್ತೋ ಮಾಡಿ ಮುಗಿಸಿ ಬಂಟ್ವಾಳದಲ್ಲಿ ಬಿಟ್ಟು ಬಂದದ್ದು," ಎಂದ.

ಆದಿತ್ಯವಾರ ಹತ್ತು ಗಂಟೆಯ ಬಿಸಿಲಿನಲ್ಲಿ ಅವನು ಲುಂಗಿ ಎತ್ತಿ ಕಟ್ಟಿ ಗಾಜಿನ ಮುಂದೆ ಕೂತ. ಜಸೀಲಾ ಹೊರಗಿನಿಂದ ದಿಂಬು ಒತ್ತಿ ಹಿಡಿಯಬೇಕು, ಸಬೀಹಾ ಸೀಮೆಎಣ್ಣೆಯ ಬಟ್ಟೆ ಕೊಡಬೇಕು, ಪಾತುಮ್ಮ ಬೆಕ್ಕನ್ನು ಎತ್ತಿಕೊಂಡು ದೂರ ನಿಲ್ಲಬೇಕು. ಬಿಸ್ಮಿಲ್ಲಾ ಹೇಳಿ ಅವನು ಗೀರು ಎಳೆದ. ಜಸೀಲಾ ಮಾವನನ್ನು ಹಾಗೆ ಎಂದೂ ಕಂಡವಳಲ್ಲ. ಬೆನ್ನು ನೆಟ್ಟಗಾಗಿತ್ತು, ತುಟಿ ಒತ್ತಿ ಹಿಡಿದಿದ್ದ, ಕೈ ಒಂದು ಕೂದಲೆಳೆಯೂ ಅಲುಗಲಿಲ್ಲ. ಕಟ್ಟರು ಗಾಜಿನ ಮೇಲೆ ಮಿಡತೆಯ ಹಾಗೆ ಹಾಡುತ್ತಾ ಹೋಯಿತು.

"ಸ್ವರ ಸ್ವಲ್ಪ ಬೇರೆ ಉಂಟು," ಎಂದ ಮೊಯಿದಿನಬ್ಬ, ಕಿವಿ ಓರೆ ಮಾಡಿ. "ವಿದೇಶಿ ಗಾಜು ಅಲ್ವಾ."

ನಾಲ್ಕು ಬದಿ ಗೀರು ಮುಗಿಯಿತು. ಕಟ್ಟರಿನ ಹಿಂಬದಿಯಿಂದ ಮೂಲೆಗೆ ಒಂದೇ ಒಂದು ಪೆಟ್ಟು ಕೊಟ್ಟ.

ಆಮೇಲೆ ಆದದ್ದನ್ನು ಜಸೀಲಾ ಎಷ್ಟು ಜನರಿಗೆ ಹೇಳಿದರೂ ಸರಿಯಾಗಿ ಹೇಳಲಾಗಲಿಲ್ಲ. ಜಾತ್ರೆಯ ಕದಿನಿ ಸಿಡಿದ ಹಾಗೆ ಸದ್ದಾಯಿತು. ಆಳೆತ್ತರದ ಗಾಜು ಒಂದು ಕ್ಷಣ ಇಡೀ ಬೆಳ್ಳಗಾಗಿ, ಸಾವಿರ ಗೆರೆಯ ಜೇಡರಬಲೆಯಾಗಿ ನಿಂತಲ್ಲೇ ನಿಂತಿತು. ಮರುಕ್ಷಣ ನೀರಿನ ಹಾಗೆ ಸುರಿಯಿತು. ಚೂಪಿನ ಚೂರು ಒಂದೂ ಇಲ್ಲ. ಎಲ್ಲ ಕಲ್ಲುಸಕ್ಕರೆಯಂಥ ಕಾಳು. ಅವಳ ಕಾಲ ಬೆರಳುಗಳ ಮೇಲೆ, ಮಾವನ ಮಡಿಲಲ್ಲಿ, ಮೆಟ್ಟಿಲ ಮೇಲೆ ಬಿಸಿಲು ಹಿಡಿದುಕೊಂಡು ಹೊಳೆಯುವ ಕಾಳು. ಗಾಜು ಇದ್ದಲ್ಲಿ ಏನೂ ಇರಲಿಲ್ಲ. ಅವಳ ಕೈಯಲ್ಲಿದ್ದ ದಿಂಬು ಮಾವನ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು.

ಯಾರಿಗೂ ಒಂದು ಗೀರು ಗಾಯವಾಗಿರಲಿಲ್ಲ. ಕುಂಞಿ ಪಾತುಮ್ಮನ ಕೈಯಿಂದ ಹಾರಿ ನೀರಿನ ಟ್ಯಾಂಕಿನ ಮೇಲೆ ಹೋಗಿ ಕೂತಿತ್ತು.

"ಎಂಥ ಪಟಾಕಿ ಬ್ಯಾರಿಗಳೇ? ಯಾರ ಮದುವೆ?" ಎನ್ನುತ್ತಾ ಪೂವಮ್ಮ ಗುಡ್ಡದಿಂದ ಓಡಿಬಂದಳು. ನೋಡಿದವಳೇ ನಿಂತುಬಿಟ್ಟಳು. ಬಾಗಿ ಒಂದು ಹಿಡಿ ಕಾಳು ಬೊಗಸೆಯಲ್ಲಿ ಎತ್ತಿದಳು. "ದೇವರೇ, ಎಷ್ಟು ಚೆಂದ ಒಡೆದಿದೆ!"

ಮೊಯಿದಿನಬ್ಬ ಕಟ್ಟರನ್ನು ಹಿಡಿದುಕೊಂಡೇ ಕೂತಿದ್ದ. "ಇದು ಗಾಜಲ್ಲ," ಎಂದ. ಮತ್ತೆ ಅಂದ: "ಇದು ಗಾಜಲ್ಲ. ಗಾಜು ಹೀಗೆ ಮಾಡುವುದಿಲ್ಲ."

ಫೋನಿನಲ್ಲಿ ನಿಝಾರ್ ಕಿರುಚಿದ. "ಅದು ಟಫನ್ ಗಾಜು ಉಪ್ಪ! ಅದನ್ನು ಕೊಯ್ಯಲಿಕ್ಕೆ ಆಗುವುದಿಲ್ಲ, ಯಾರಿಂದಲೂ ಆಗುವುದಿಲ್ಲ. ಭಟ್ಟಿಗೆ ಹಾಕುವ ಮೊದಲೇ ಕೊಯ್ದುಕೊಳ್ಳಬೇಕು. ಒಂದು ಮಾತು ನನ್ನನ್ನು ಕೇಳಬಾರದಿತ್ತಾ?"

"ನಾನು ಮರಿಗೆ ಹಾಲು ಕುಡಿಯಲಿಕ್ಕೆ ಕಲಿಸಿದವನು. ಮರಿಯನ್ನು ಎಂಥ ಕೇಳುವುದು," ಎಂದು ಮೊಯಿದಿನಬ್ಬ ರಿಸೀವರು ಸೊಸೆಯ ಕೈಗೆ ಕೊಟ್ಟ. ಆ ದಿನ ಗಂಜಿ ಮುಟ್ಟಲಿಲ್ಲ. ಮರುದಿನ ಲೋಟ ಎತ್ತುವಾಗ ಅವನ ಕೈ ನಡುಗುತ್ತಿದ್ದುದನ್ನು ಜಸೀಲಾ ಕಂಡಳು. ಕಂಡೂ ಕಾಣದ ಹಾಗೆ ಲೋಟವನ್ನು ಇನ್ನಷ್ಟು ಹತ್ತಿರ ಇಟ್ಟಳು.

ಹೊಸ ಗಾಜು ಬರಲು ಒಂದು ತಿಂಗಳಾಯಿತು. ಆ ತಿಂಗಳು ಹಿಂದಿನ ಬಾಗಿಲಿಗೆ ಬಾಗಿಲೇ ಇರಲಿಲ್ಲ. ಕತ್ತಲಾದ ಮೇಲೆ ಹಲಸಿನ ಹಳೆಯ ಹಲಗೆಯನ್ನು ಕೊಟ್ಟಿಗೆಯಿಂದ ತಂದು ಅಡ್ಡ ಇಟ್ಟು ಆಧಾರಕ್ಕೆ ಮರದ ತುಂಡು ಕೊಡುತ್ತಿದ್ದರು. ಹಗಲೆಲ್ಲ ತೆರೆದ ಚೌಕಟ್ಟು. ಏಸಿ ಬಂದ್. ಗುಡ್ಡದ ಗಾಳಿ ನೇರ ಒಲೆಯವರೆಗೆ ಬಂತು. ಅದರ ಹಿಂದೆಯೇ ಜನ ಬಂದರು. ಪೂವಮ್ಮ ಹಾಲಿನ ತಂಬಿಗೆ ಹಿಡಿದು ಅಡುಗೆಮನೆಗೆ ಬಂದು ಮಣೆ ಎಳೆದು ಕೂತಳು. ಹೂ ಮಾರುವ ಅಮ್ಮಣ್ಣಿ ಬಿಸಿಲಿಗೆ ಬಳಲಿ ಬಂದವಳು ಚಾ ಕುಡಿದು ಗೋಡೆಗೊರಗಿ ಒಂದು ಗಳಿಗೆ ನಿದ್ದೆ ತೆಗೆದಳು. ಕುಂಞಿ ಎಲ್ಲರ ಕಾಲಿನ ನಡುವೆ ಹಾದು, ಒಳಗೆ ಯಾವುದು ಹೊರಗೆ ಯಾವುದು ಎಂಬ ಪರಿವೆಯೇ ಇಲ್ಲದೆ ತಿರುಗಿತು.

ಆ ತಿಂಗಳಲ್ಲೇ ಜಸೀಲಾ ಪೂವಮ್ಮನ ಅಂಗಳದಲ್ಲಿ ಸೇರುವ ಹೆಂಗಸರ ಸಂಘಕ್ಕೆ ಹೋಗತೊಡಗಿದ್ದು. ಆದಿತ್ಯವಾರ ಮಧ್ಯಾಹ್ನ ಪಾತ್ರೆ ತೊಳೆದು, ತಲೆಗೆ ಶಾಲು ಹೊದ್ದು, ಹಿಂದಿನಿಂದ ಇಳಿದರೆ ಗುಡ್ಡದ ಮೇಲೆ ಹತ್ತು ಹನ್ನೆರಡು ಹೆಂಗಸರು. ಬಂಟರವರು, ಪೂಜಾರಿಯವರು, ಇಬ್ಬರು ಬ್ಯಾರಿಗಳು. ಹೊಲಿಗೆ ಮೆಷಿನಿನ ಸಾಲದ ಮಾತು, ಗಂಡಂದಿರ ಮಾತು, ಸುಮ್ಮನೆ ನಗುವ ಮಾತು. ಮೊದಲ ದಿನ ಯಾರೋ ಅವಳ ಹೆಸರು ಕೇಳಿದರು. "ನಿಝಾರಿನ ಹೆಂಡತಿ" ಎಂದು ಬಾಯಿಗೆ ಬಂದದ್ದನ್ನು ತಡೆದು "ಜಸೀಲಾ" ಎಂದಳು. ಮೂರನೇ ವಾರ ಹೊಲಿಗೆ ಕಲಿಸುವ ಕೆಲಸವನ್ನು ಅವಳಿಗೇ ಒಪ್ಪಿಸಿದರು.

"ಹೋಗ್ಲಾ ಮಾಮಿ?" ಎಂದು ಪ್ರತಿ ಸಲ ಕೇಳುತ್ತಿದ್ದಳು.

"ನನ್ನನ್ನು ಕೇಳ್ತೀಯಲ್ಲ, ಪುಚ್ಚೆ ಕೇಳ್ತದಾ?" ಎನ್ನುತ್ತಿದ್ದಳು ಪಾತುಮ್ಮ. "ಅಸರಿನ ನಮಾಜಿನ ಹೊತ್ತಿಗೆ ಬಾ."

ಗಾಜು ಬಂತು. ಮಂಗಳೂರಿನವರು ಕೂರಿಸಿ ಹೋದರು. ಅದೇ ವಾರ ಶಾರ್ಜಾದಿಂದ ರಜೆಗೆ ಬಂದ ಅಬ್ದುಲ್ ನಾಸಿರ್ ಎಂಬ ನೆರೆಯ ಹುಡುಗ ಆಳೆತ್ತರದ ರಟ್ಟಿನ ಪೆಟ್ಟಿಗೆಯೊಂದನ್ನು ಜೀಪಿನಿಂದ ಇಳಿಸಿದ. "ನಿಝಾರ್ ಕಾಕ ಕೊಟ್ಟದ್ದು. ವಿಮಾನದಲ್ಲಿ ಇದನ್ನು ತರಲಿಕ್ಕೆ ನಾನು ಯಾರ್ಯಾರ ಕಾಲು ಹಿಡಿದಿದ್ದೇನೆ ಅಂತ ನಿಮಗೆ ಗೊತ್ತಿಲ್ಲ. ಬಂದೂಕು ಅಂತ ನೆನೆಸಿದರು."

ಒಳಗಿದ್ದದ್ದು ಅಲ್ಯೂಮಿನಿಯಮ್ಮಿನ ಪಟ್ಟಿ. ಬಾಗಿಲಿನಷ್ಟೇ ಎತ್ತರ, ಒಂದೂವರೆ ಗೇಣು ಅಗಲ. ನಡುವೆ ಗಾಜು, ಬುಡದಲ್ಲಿ ಬೆಕ್ಕಿನಳತೆಯ ಚೌಕ, ಅದಕ್ಕೆ ಮೆತ್ತನೆಯ ತೂಗುವ ಹಾಳೆ. ಗಾಜು ಕೊಯ್ಯುವ ಪ್ರಶ್ನೆಯೇ ಇಲ್ಲ. ಸರಿಯುವ ಬಾಗಿಲಿನ ಹಳಿಯೊಳಗೇ ಇದನ್ನು ನಿಲ್ಲಿಸಿ ಚೌಕಟ್ಟಿಗೆ ಬಿಗಿಯುವುದು, ಬಾಗಿಲು ಬಂದು ಇದಕ್ಕೆ ಮುಚ್ಚಿಕೊಳ್ಳುವುದು.

ಶುಕ್ರವಾರ ಮಧ್ಯಾಹ್ನ ಫೋನಿನ ತಂತಿ ಎಳೆದು ಹಿಂದಿನ ಬಾಗಿಲವರೆಗೆ ತಂದರು. ಸ್ಪೀಕರಿನಿಂದ ನಿಝಾರ್ ಹೇಳಿದ ಹಾಗೆ ಜಸೀಲಾ ಮಾಡಿದಳು. ಪಟ್ಟಿಯ ತಲೆಯನ್ನು ಮೇಲಿನ ಹಳಿಗೆ ತೂರಿಸಿ, ಸ್ಪ್ರಿಂಗು ಒತ್ತಿ, ಬುಡವನ್ನು ಕೆಳಗಿನ ಹಳಿಗೆ ಇಳಿಸಿದಳು.

"'ಕಟ್' ಅಂತ ಸದ್ದು ಬಂತಾ?"

"ಬಂತು."

"ಹಾಗಾದರೆ ಚೌಕಟ್ಟಿಗೆ ಒತ್ತಿ ಸ್ಕ್ರೂ ಹಾಕು."

ಮೊಯಿದಿನಬ್ಬ ಸ್ಕ್ರೂ ಡ್ರೈವರು ಕೊಡುತ್ತಾ ಪಟ್ಟಿಯ ಗಾಜನ್ನು ಬೆರಳಿನಿಂದ ತಟ್ಟಿ ನೋಡಿ, ಕೂಡಲೇ ಕೈ ಹಿಂತೆಗೆದ. ಸ್ಕ್ರೂ ತಿರುಗಿಸುವಾಗ ಜಸೀಲಾಳ ಮಣಿಕಟ್ಟು ಗಟ್ಟಿಯಾಗಿತ್ತು. "ನಿನ್ನ ಕೈ ಅಲುಗುವುದಿಲ್ಲ ಮಗಳೇ," ಎಂದ ಮಾವ. ಅವನು ಹಾಗೆ ಯಾರಿಗೂ ಹೇಳಿದ್ದು ಅವಳು ಕೇಳಿರಲಿಲ್ಲ.

ಪಾತುಮ್ಮ ಹೊರಗಿನ ಮೆಟ್ಟಿಲಿನಲ್ಲಿ ಹುರಿದ ಬಂಗುಡೆಯ ತಲೆ ಹಿಡಿದು ಕೂತಳು. ಪಕ್ಕದಲ್ಲಿ ಪೂವಮ್ಮ. ಕುಂಞಿ ಒಳಗೆ. ಬಾಗಿಲು ಮುಚ್ಚಿದರು. ಬೆಕ್ಕು ಚೌಕದ ಮುಂದೆ ಕೂತು ಮೂಸಿತು, ಹಿಂದೆ ಸರಿಯಿತು. ಮತ್ತೆ ಬಂದು ಮೂತಿಯಿಂದ ಮೆಲ್ಲನೆ ದೂಡಿತು. ಹಾಳೆ ಅಲುಗಿತು. ಮೊದಲು ಮೀಸೆ ಹೊರಬಂತು, ಆಮೇಲೆ ಆ ಹರಿದ ಕಿವಿ, ಆಮೇಲೆ ಒಂದು ಕಾಲು. ಗಾಜಿನ ಒಳಗೆ ಅರ್ಧ, ಹೊರಗೆ ಅರ್ಧ ಆಗಿ ಅದು ಒಂದು ಗಳಿಗೆ ನಿಂತು ಎರಡೂ ಲೋಕವನ್ನು ನೋಡಿತು. ಆಮೇಲೆ ಸರಕ್ಕನೆ ಇಡಿಯಾಗಿ ಬಂದುಬಿಟ್ಟಿತು. ಹಿಂದೆ ಹಾಳೆ ತಾನಾಗಿ ಮುಚ್ಚಿಕೊಂಡಿತು.

"ಅಬ್ಬಾ!" ಎಂದಳು ಪೂವಮ್ಮ. "ಯಾರನ್ನೂ ಕೇಳದೆ!"

ಪಾತುಮ್ಮ ಬಾಗಿ ತನ್ನ ಗಂಟುಬೆರಳಿನ ಕೈಯನ್ನು ಆ ಚೌಕದೊಳಗೆ ಹಾಕಿ ತೆಗೆದಳು. ಮತ್ತೆ ಹಾಕಿ ತೆಗೆದಳು. ಎದ್ದು, ಜಸೀಲಾ ಸರಿಸಿಕೊಟ್ಟ ಗಾಜಿನ ಬಾಗಿಲಿನಿಂದ ಒಳಬಂದು ಫೋನಿನ ಹತ್ತಿರ ಕುಕ್ಕರಿಸಿದಳು. "ಮೋನೆ," ಎಂದಳು. "ಒಳ್ಳೆದು ಮಾಡಿದೆ. ಉಂಡೆಯಾ ನೀನು?"

"ಉಂಡೆ ಉಮ್ಮ," ಎನ್ನಲು ಆ ಕಡೆ ನಿಝಾರಿಗೆ ಎರಡು ಸಲ ಬೇಕಾಯಿತು. ಮೂಗು ಎಳೆದುಕೊಂಡ ಸದ್ದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿತು. ಜಸೀಲಾಳ ಕಣ್ಣೂ ತುಂಬಿತು.

"ಜಸೀಲಾ," ಎಂದ ಅವನು. "ಪೆಟ್ಟಿಗೆಯ ಬುಡದಲ್ಲಿ ಇನ್ನೊಂದು ಸಣ್ಣ ಪೊಟ್ಟಣ ಉಂಟು. ಎರಡು ಉದ್ದದ ಸ್ಕ್ರೂ. ಬಾಗಿಲನ್ನು ಪೂರ್ತಿ ಮುಚ್ಚಿ, ಮೇಲೊಂದು ಕೆಳಗೊಂದು ಹಾಕಿಬಿಡು."

"ಹಾಕಿದರೆ?"

"ಹಾಕಿದರೆ ಬಾಗಿಲು ಮತ್ತೆ ಸರಿಯುವುದಿಲ್ಲ. ಪಟ್ಟಿ ಬಂದ ಮೇಲೆ ಹಳೆಯ ಬೀಗ ಅಲ್ಲಿಗೆ ಮುಟ್ಟುವುದಿಲ್ಲ. ಕ್ಷೇಮ ಅಲ್ಲ ಅದು."

"ಕೊಂಡಿ ಹಾಕಿಸುವ. ಇಷ್ಟು ದಿನ ಹಲಗೆ ಅಡ್ಡ ಇಟ್ಟು ಮಲಗಿದ್ದೇವೆ."

"ಕೊಂಡಿ ಗಿಂಡಿ ಬೇಡ. ಹಿಂದಿನಿಂದ ಯಾರ್ಯಾರು ಒಳಗೆ ಬಂದು ಮಲಗ್ತಾರೆ, ಆದಿತ್ಯವಾರ ನೀನು ಎಲ್ಲಿಗೆ ಹೋಗ್ತೀ ಅಂತೆಲ್ಲ ಇಲ್ಲಿಯವರೆಗೆ ಸುದ್ದಿ ಬಂದಿದೆ. ನಾಲ್ಕು ಜನ ಕೇಳ್ತಾರೆ ನನ್ನನ್ನು. ಪುಚ್ಚೆಗೆ ದಾರಿ ಆಯಿತಲ್ಲ? ಹಾಲಿನ ತಂಬಿಗೆಯನ್ನೂ ಅದರಲ್ಲೇ ಒಳಗೆ ತೆಗೆದುಕೊಳ್ಳಬಹುದು."

ಪೂವಮ್ಮ ಹೊರಗಿನ ಮೆಟ್ಟಿಲಿನಿಂದ ಎದ್ದು ನಿಂತಳು.

"ನಾವು?" ಎಂದಳು ಜಸೀಲಾ.

"ನಿಮಗೆಂಥ? ಮುಂದಿನ ಬಾಗಿಲು ಉಂಟಲ್ಲ."

"ಅಲ್ಲಿ ಗಂಡಸರು ಕೂತಿರ್ತಾರೆ."

"ಕೂತಿರುವಾಗ ಒಳಗೇ ಇರಿ. ಎಲ್ಲಿಗೆ ಅವಸರ?"

ಮೊಯಿದಿನಬ್ಬ ಪೊಟ್ಟಣ ಹರಿದು ಎರಡು ಸ್ಕ್ರೂಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಬಂದ. ಅವು ಅವನ ಕೈಯಲ್ಲಿ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. "ಹಾಕಿಬಿಡು ಮಗಳೇ," ಎಂದ ಮೆಲ್ಲಗೆ. "ಕಳಿಸಿದವನು ಅವನು. ಮನೆ ಅವನದು. ನನ್ನ ಕೈಯಿಂದ ಆಗುವುದಿಲ್ಲ."

ಜಸೀಲಾ ಅತ್ತೆಯನ್ನು ನೋಡಿದಳು. ಪಾತುಮ್ಮ ನೆಲದಲ್ಲಿ ಫೋನಿನ ಪಕ್ಕ ಕೂತಿದ್ದಳು. ಈಗಷ್ಟೇ ಮಗನ ಜೊತೆ ಮಾತಾಡಿದ ಬಾಯಿ ಅರ್ಧ ತೆರೆದೇ ಇತ್ತು. ಕುಂಞಿ ಹೊರಗಿನಿಂದ ಚೌಕವನ್ನು ದೂಡಿ ಒಳಬಂದು, ಎಲ್ಲರನ್ನೂ ದಾಟಿ, ಚಾಪೆಯ ಮೇಲೆ ಹೋಗಿ ಮಲಗಿತು.

ಅವಳು ಸ್ಕ್ರೂ ಡ್ರೈವರನ್ನು ಮಾವನ ಅಂಗೈಯಲ್ಲಿ ಸ್ಕ್ರೂಗಳ ಪಕ್ಕದಲ್ಲಿಟ್ಟಳು. ಗಾಜಿನ ಬಾಗಿಲಿಗೆ ಎರಡೂ ಕೈ ಕೊಟ್ಟು, ಹಳಿಯ ಕೊನೆಯವರೆಗೆ ಸರಿಸಿ ತೆರೆದಳು.

"ಹಾಕಿದೆಯಾ?" ಎಂದು ನಿಝಾರ್ ಕೇಳಿದ.

"ಇಲ್ಲ."

"ಯಾಕೆ, ಹಿಡಿಯುವುದಿಲ್ವಾ ಸ್ಕ್ರೂ?"

"ಸ್ಕ್ರೂ ಸರಿ ಉಂಟು. ನಾನು ಹಾಕುವುದಿಲ್ಲ."

"ಜಸೀಲಾ, ಗಂಡ ಹೇಳ್ತಿದ್ದೇನೆ. ಕೇಳ್ತದಾ?"

"ಕೇಳ್ತಾ ಉಂಟು," ಎಂದಳು ಅವಳು. "ಹಾಕುವುದಿಲ್ಲ."